ಏರಿಳಿತವಿಲ್ಲದ ಊಟ

ವರ್ಷದ ಎರಡನೆಯ ತಿಂಗಳು, ಮೊದಲ ಸೋಮವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ.

ದಾಖಲೆ ಕಚೇರಿಯ ಎರಡನೆಯ ಮಹಡಿಯ ಮರದ ನೆಲವು ತಾನು ಹೊರಬಹುದಾದುದಕ್ಕಿಂತ ಎಂಬತ್ತೆಂಟು ಕಿಲೋ ಹೆಚ್ಚು ಹೊತ್ತಿದೆಯೆಂದು ಇಂಜಿನಿಯರ್ ಲಿಖಿತವಾಗಿ ತಿಳಿಸಿದರು. ಆ ನೆಲದ ಮೇಲೆ ಕಡತಗಳೂ ಇದ್ದವು, ಸಿಬ್ಬಂದಿಯೂ ಇತ್ತು. ಕಡತಗಳನ್ನು ಕದಲಿಸಲು ಮೇಲಿನವರ ಅನುಮತಿ ಬೇಕು. ಸಿಬ್ಬಂದಿಗೆ ಅಂಥ ರಕ್ಷಣೆ ಇರಲಿಲ್ಲ. ಸಿಬ್ಬಂದಿ ಇಪ್ಪತ್ತೆರಡು ಮಂದಿ. ಅಧೀಕ್ಷಕರು ಭಾಗಿಸಿ ನೋಡಿದರು, ಶೇಷ ಉಳಿಯಲಿಲ್ಲ. ಶೇಷವಿಲ್ಲದ ಲೆಕ್ಕ ಆ ಕಚೇರಿಯಲ್ಲಿ ಅಪರೂಪ. ಆದ್ದರಿಂದ ಅದನ್ನೇ ಪರಿಹಾರವೆಂದು ಸ್ವೀಕರಿಸಲಾಯಿತು.

ಮಧ್ಯಾಹ್ನದೊಳಗೆ ಸುತ್ತೋಲೆ ಹೊರಟಿತು.

“ಪ್ರತಿಯೊಬ್ಬರೂ ಹನ್ನೆರಡು ವಾರಗಳಲ್ಲಿ ನಾಲ್ಕು ಕಿಲೋ ಇಳಿಯತಕ್ಕದ್ದು. ಸೇವಿಸಿದ ಕ್ಯಾಲೊರಿಯನ್ನು ದಿನವಾರು ಪುಸ್ತಕದಲ್ಲಿ ನಮೂದಿಸತಕ್ಕದ್ದು. ವಾರದ ಸರಾಸರಿಯು ದಿನಕ್ಕೆ ಒಂದೂವರೆ ಸಾವಿರ ಮೀರಕೂಡದು. ಶುಕ್ರವಾರ ಸಂಜೆ ನಾಲ್ಕಕ್ಕೆ ತೂಕ. ತಪ್ಪಿದವರನ್ನು ಸಿಮೆಂಟಿನ ನೆಲವಿರುವ ಶಾಖಾ ಕಚೇರಿಗೆ ವರ್ಗಾಯಿಸಲಾಗುವುದು.”

ಶಾಖಾ ಕಚೇರಿ ರೈಲಿನಲ್ಲಿ ಮೂರು ಗಂಟೆಯ ದಾರಿ.

ದಾಖಲೆಪಾಲಕಿಗೆ ಈ ಕೊನೆಯ ವಾಕ್ಯ ಮಾತ್ರ ಕಾಣಿಸಿತು. ಆಕೆಯ ಮನೆ ಕಚೇರಿಯ ಹಿಂದಿನ ಬೀದಿಯಲ್ಲಿತ್ತು. ಅಲ್ಲಿ ಆಕೆಯ ಅಕ್ಕ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಬರಿ ಹೊಟ್ಟೆಯಲ್ಲಿ ಮಾತ್ರೆ ಕೊಡಬಾರದೆಂದು ವೈದ್ಯರು ಹೇಳಿದ್ದರಿಂದ ಎಂಟಕ್ಕೆ, ಒಂದಕ್ಕೆ, ಏಳಕ್ಕೆ ಗಡಿಯಾರ ನೋಡಿ ಉಣಿಸುವುದು, ಜೊತೆಯಲ್ಲೇ ತಾನೂ ಉಣ್ಣುವುದು ನಡೆದುಬಂದಿತ್ತು.

“ಭೂಮಿಗೆ ಭಾರ ಅಂತ ಅಮ್ಮ ನಿನ್ನನ್ನ ಚಿಕ್ಕಂದಿನಲ್ಲೇ ಬೈತಿದ್ಳು,” ಎಂದರು ಅಕ್ಕ. “ಈಗ ಆಫೀಸಿನವರು ಬರೆದೇ ಕೊಟ್ಟಿದ್ದಾರೆ.”

“ಸೂಪ್ ಆರ್ತಾ ಇದೆ, ಅಕ್ಕ. ಬಾಯಿ ತೆಗಿ.”

“ನಿನ್ನನ್ನ ಅಲ್ಲಿಗೆ ಹಾಕಿದ್ರೆ ನನ್ನ ಬಾಯಿಗೆ ಯಾರು ಇಡ್ತಾರೆ? ಆ ನಿಮ್ಮ ಅಧೀಕ್ಷಕನಾ?”

ದಾಖಲೆಪಾಲಕಿ ಅಂದಿನಿಂದ ಒಂದು ತುಂಡು ಬ್ರೆಡ್, ಸಂಜೆಯ ಬಿಸ್ಕೆಟ್ ಬಿಟ್ಟರು. ಉಳಿದದ್ದನ್ನು ಅಳೆದು ತಿಂದರು. ದಿನಕ್ಕೆ ಒಂದೂವರೆ ಸಾವಿರ ಆಯಿತು. ಹಾಗೆಯೇ ಬರೆದರು.

ಉಳಿದವರು ಸುತ್ತೋಲೆಯನ್ನು ಹೆಚ್ಚು ಆಳವಾಗಿ ಓದಿದ್ದರು. ಅವರ ಮುಂದಾಳು ಬೆರಳಚ್ಚುಗಾರ.

“ಗುರುವಾರ ಬರೀ ನೀರು. ಶುಕ್ರವಾರ ಅದೂ ಇಲ್ಲ,” ಎಂದು ಆತ ವಿವರಿಸಿದ. “ನಾಲ್ಕು ಗಂಟೆಗೆ ತೂಕ, ನಾಲ್ಕೂ ಐದಕ್ಕೆ ಕ್ಯಾಂಟೀನ್. ಆಮೇಲೆ ಸೋಮವಾರದ ತನಕ ನನ್ನನ್ನ ಯಾರೂ ಏನೂ ಕೇಳ್ಬೇಡಿ.”

ರಜಾದಿನಗಳ ಊಟವನ್ನು ಸೋಮವಾರ ನೆನಪಿನಿಂದ ಬರೆಯುವ ಅವಕಾಶವಿತ್ತು. ಹಸಿದವರ ನೆನಪು ಚುರುಕು; ಉಂಡವರದು ಅಷ್ಟಕ್ಕಷ್ಟೆ. ಸರಾಸರಿ ಎಲ್ಲರಿಗೂ ಸರಿಬಂತು. ಐದನೆಯ ವಾರ ಇಬ್ಬರು ಮೂರ್ಛೆ ಹೋದಾಗ ತಿದ್ದುಪಡಿ ಹೊರಬಿತ್ತು: ಮೂರ್ಛೆ ಹೋದವರಿಗೆ ತೂಕವಾಗುವ ತನಕ ಸಕ್ಕರೆ ನೀರು ಕೊಡಕೂಡದು.

ಹನ್ನೆರಡನೆಯ ವಾರದ ಕೊನೆಗೆ ಇಪ್ಪತ್ತೊಂದು ಮಂದಿಯ ಶುಕ್ರವಾರದ ತೂಕ ನಾಲ್ಕು ಕಿಲೋ ಇಳಿದಿತ್ತು. ಸೋಮವಾರಗಳಲ್ಲಿ ಅವರ ತೂಕ ಮೊದಲಿಗಿಂತ ಹೆಚ್ಚಾಗಿತ್ತು. ಅದನ್ನು ನೋಡಲು ಆದೇಶವಿರಲಿಲ್ಲ. ದಾಖಲೆಪಾಲಕಿಯ ತೂಕ ಮಾತ್ರ ಯಾವ ದಿನ ನೋಡಿದರೂ ನಾಲ್ಕೂವರೆ ಕಿಲೋ ಇಳಿದಿತ್ತು. ಅಧೀಕ್ಷಕರು ಆಕೆಯನ್ನು ಕೂಡಲೇ ಕರೆಸಿದರು.

“ಎಂಬತ್ತನಾಲ್ಕು ದಿನ, ಎಂಬತ್ತನಾಲ್ಕು ಸಲ ಒಂದೂವರೆ ಸಾವಿರ. ಏನಮ್ಮಾ ಇದು?”

“ತಿಂದಿದ್ದು ಅಷ್ಟೇ, ಸಾರ್.”

“ಭಾನುವಾರಾನೂ?”

“ಭಾನುವಾರಾನೂ ಹೊಟ್ಟೆ ಅಷ್ಟೇ ದೊಡ್ಡದು, ಸಾರ್.”

ಅಧೀಕ್ಷಕರು ನಿಯಮಾವಳಿ ತೆರೆದರು. ಊಟಕ್ಕೆ ಪ್ರತ್ಯೇಕ ನಿಯಮ ಇಲ್ಲದ ಕಾರಣ ಹಾಜರಿ ಪುಸ್ತಕದ ನಿಯಮವನ್ನೇ ಅನ್ವಯಿಸಿದರು: ಒಂದೇ ಅಂಕಿಯನ್ನು ಸತತವಾಗಿ ನಮೂದಿಸಿದ್ದರೆ ಅದನ್ನು ಕುಳಿತಲ್ಲೇ ತುಂಬಿಸಿದ್ದೆಂದು ಭಾವಿಸತಕ್ಕದ್ದು.

“ತೂಕ ಇಳಿದಿದೆಯಲ್ಲ, ಸಾರ್?”

“ಅದೇ ನನಗೂ ಅನುಮಾನ. ಬೇರೆಯವರದ್ದು ವಾರದಿಂದ ವಾರಕ್ಕೆ ಇಳಿದು ಏರಿದೆ, ಏರಿ ಇಳಿದಿದೆ. ನಿಮ್ಮದು ಇಳಿದದ್ದು ಇಳಿದ ಹಾಗೇ ಇದೆ. ತೂಕ ಅನ್ನೋದು ಹೀಗೆ ನಡ್ಕೊಳ್ಳತ್ತಾ?”

“ಸೋಮವಾರ ಒಂದು ಸಲ ಎಲ್ಲರನ್ನೂ ತೂಗಿ ನೋಡಿ, ಸಾರ್. ನೆಲ ಸೋಮವಾರಾನೂ ಹೊರುತ್ತೆ.”

“ನೆಲಕ್ಕೆ ಸುತ್ತೋಲೆ ಹೋಗಿಲ್ಲ, ಅಮ್ಮಾ. ನಿಮಗೆ ಹೋಗಿದೆ.”

ವರ್ಗಾವಣೆಯ ಆದೇಶವನ್ನು ಬೆರಳಚ್ಚು ಮಾಡಿಸಲಾಯಿತು. ಆದರೆ ಅಧೀಕ್ಷಕರು ಕಟುಕರಲ್ಲ. ದಾಖಲೆಯನ್ನು ಸಹಜಗೊಳಿಸಲು ಮೂರು ವಾರಗಳ ಗಡುವು ಕೊಟ್ಟರು. ತರಬೇತಿಗೆ ಬೆರಳಚ್ಚುಗಾರನನ್ನು ನೇಮಿಸಿದರು.

ಶನಿವಾರ ಆತ ಕೇಕ್ ಹಿಡಿದು ಆಕೆಯ ಮನೆಗೇ ಬಂದ.

“ಒಂದು ತುಂಡಲ್ಲ, ಮೇಡಂ. ಒಂದು ತುಂಡು ತಿಂದ್ರೆ ನಕ್ಷೇಲಿ ನಿಮ್ಮ ಕ್ಯಾಲೊರಿ ಗೆರೆ ಮೇಲೇಳಲ್ಲ. ಪೂರ್ತಿ ಮುಗಿಸಿ.”

ಆಕೆ ಮುಗಿಸಿದರು. ಭಾನುವಾರವೂ ಹೇಳಿದಷ್ಟು ತಿಂದರು. ಗುರುವಾರ ಏನನ್ನೂ ತಿನ್ನಲಿಲ್ಲ. ಒಂದು ಗಂಟೆಗೆ ಅಕ್ಕನಿಗೆ ಉಣಿಸುವಾಗ ಸೂಪ್ ದಿಂಬಿನ ಮೇಲೆ ಚೆಲ್ಲಿತು.

“ಚಮಚ ನನ್ನ ಬಾಯಿಗೆ ಬಂದ್ರೆ ನಿನ್ನ ಬಾಯಿ ಯಾಕೆ ಆಡುತ್ತೆ?” ಎಂದರು ಅಕ್ಕ. “ಹಸಿವಾ?”

“ಇಲ್ಲ, ಅಕ್ಕ. ಆಫೀಸಿನ ಕೆಲಸ.”

ಅಕ್ಕ ಮತ್ತೆ ಬಾಯಿ ತೆರೆದರು.

ಮೂರು ವಾರಗಳಲ್ಲಿ ದಾಖಲೆಪಾಲಕಿಯ ಸೋಮವಾರದ ತೂಕ ಎರಡೂವರೆ ಕಿಲೋ ಏರಿತು. ಶುಕ್ರವಾರದ ತೂಕ ಗುರಿಯೊಳಗೇ ಉಳಿಯಿತು. ನಕ್ಷೆಯಲ್ಲಿ ಆಕೆಯ ಗೆರೆ ಉಳಿದವರ ಗೆರೆಗಳ ಜೊತೆ ಅಂದವಾಗಿ ಏರಿ ಇಳಿಯಿತು. ಮುಂದಿನ ಶುಕ್ರವಾರ, ತೂಕಕ್ಕೆ ಅರ್ಧ ಗಂಟೆ ಮೊದಲು, ಮೂರೂವರೆಗೆ ಸಭೆ ಸೇರಿ ವರ್ಗಾವಣೆಯನ್ನು ರದ್ದುಪಡಿಸಲಾಯಿತು. ಆಕೆಯ ಪುಸ್ತಕವನ್ನು ಮಾದರಿಯೆಂದು ಎಲ್ಲ ಕಚೇರಿಗಳಿಗೂ ಕಳುಹಿಸುವುದೆಂದು ಠರಾವಾಯಿತು.

ನೆಲ ಅರ್ಧ ಅಂಗುಲ ಕುಸಿದಿದೆಯೆಂದು ಇಂಜಿನಿಯರ್ ವರದಿ ಓದಿದರು. ಅಳತೆ ತೆಗೆದದ್ದು ಯಾವ ದಿನವೆಂದು ಅಧೀಕ್ಷಕರು ಕೇಳಿದರು. ಸೋಮವಾರವೆಂದು ತಿಳಿದ ಮೇಲೆ ಸಭೆ ನಿರಾಳವಾಯಿತು. ಯೋಜನೆಯನ್ನು ಇನ್ನೊಂದು ವರ್ಷ ಮುಂದುವರಿಸಲು ಒಪ್ಪಿತು.

“ನಿಮಗೇನಾದ್ರೂ ಹೇಳೋದಿದೆಯಾ?” ಎಂದು ಅಧೀಕ್ಷಕರು ದಾಖಲೆಪಾಲಕಿಯನ್ನು ಕೇಳಿದರು.

“ನಾಳೆ ಶನಿವಾರ ತಾನೇ, ಸಾರ್?”

ಹೌದೆಂದು ನಮೂದಿಸಲಾಯಿತು.

ಹಾಜರಿದ್ದವರು: ಅಧೀಕ್ಷಕರು, ಇಂಜಿನಿಯರ್, ಬೆರಳಚ್ಚುಗಾರ, ಇತರ ಸಿಬ್ಬಂದಿ, ದಾಖಲೆಪಾಲಕಿ (ಗೋಡೆ ಹಿಡಿದು ನಿಂತು).