ಒಲ್ಲೆ ಎನ್ನದ ಪೆಟ್ಟಿಗೆ

"ಇನ್ನ ನಿನ್ನ ಕೆಲಸ ಆತಂತ ತಿಳಕೊ," ಎಂದು ತೋಟಪ್ಪ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ತಗಡಿನ ಪೆಟ್ಟಿಗೆಯೊಂದನ್ನು ಇಟ್ಟ.

ಐಟಿಐ ಮಾಸ್ತರಿಕೆಯಿಂದ ನಿವೃತ್ತನಾದ ಈ ಸೋದರಮಾವ ಮಾಡಿದ ಯಂತ್ರಗಳಲ್ಲಿ ಒಂದಾದರೂ ನೆಟ್ಟಗೆ ನಡೆದದ್ದನ್ನು ಗೌರವ್ವ ಕಂಡಿರಲಿಲ್ಲ. ಆದರೆ ಅವಳ ಗಿರಣಿಯ ಮೋಟಾರು ಸುಟ್ಟು, ಗಿರಾಕಿಗಳೆಲ್ಲ ಬೇರೆ ಕಡೆ ಹೊರಳಿದ್ದರು. ಹೊಸ ಮೋಟಾರಿಗೆ ಸಾಲ ಕೇಳಿದರೆ, ನಿಮ್ಮ ಹೆಸರಿನ ಮೇಲೆ ಸಾಲ ವಸೂಲಿಗೆ ಕೋರ್ಟಿನ ಡಿಕ್ರಿ ಇದೆ ಎಂದು ಬ್ಯಾಂಕಿನವರು ಮುಖ ತಿರುವಿದರು. ನಾದಿನಿಯ ಗಂಡ ಬಾಗಿಲಿಗೆ ಬಂದು ನಿಂತಾಗ ಇಲ್ಲವೆನ್ನಲಾರದೆ ಹಾಕಿದ ಜಾಮೀನು ಸಹಿಯ ಫಲ ಅದು. ಅವನು ಕೈಯೆತ್ತಿದ, ಇವಳು ಬಳೆ ಮಾರಿ ತೀರಿಸಿದಳು. ತೀರಿದ ಸುದ್ದಿ ಮಾತ್ರ ದಾಖಲೆಗೆ ಇನ್ನೂ ಮುಟ್ಟಿರಲಿಲ್ಲ.

"ಇದು ಸಾಲದ ದಾಖಲೆ ನೋಡೂ ಬ್ಯಾಂಕಿನ ಯಂತ್ರದ ಜೋಡಿ ತಾನ ಮಾತಾಡಿ ಆ ಡಿಕ್ರಿ ಅಳಸ್ತದ."

"ಜಗಳ ತಗದೀತು, ಮಾವ."

"ಏ, ನಿನ್ನ ಸ್ವಭಾವನ ಅದಕ್ಕ ತುಂಬೀನಿ. ಯಾರ ಮನಸ್ಸೂ ನೋಯಸೂದಿಲ್ಲ."

ಎಡವಟ್ಟಾದದ್ದು ಅಲ್ಲೇ.

ಪೆಟ್ಟಿಗೆ ಅವಳದೇ ದನಿಯಲ್ಲಿ ಬ್ಯಾಂಕಿನ ಯಂತ್ರವನ್ನು ಊಟ ಆಯಿತೇ ಎಂದು ಕೇಳಿತು. ಮಧ್ಯಾಹ್ನದೊಳಗೆ ಡಿಕ್ರಿ ಮಾಯ. ತೋಟಪ್ಪ ಮೀಸೆ ತಿರುವಿದ. ಮಾತು ಮಾತ್ರ ಮುಗಿಯಲಿಲ್ಲ. ಬ್ಯಾಂಕಿನ ಯಂತ್ರ ತನ್ನ ಗೋಳು ತೋಡಿಕೊಂಡಿತು. ಯಾರೋ ಲಾರಿಯವನ ಸಾಲ ಮುಳುಗುತ್ತಿದೆಯಂತೆ.

"ಅಯ್ಯ ಪಾಪ, ನಾ ಅದೀನಲ್ಲ," ಎಂದ ಪೆಟ್ಟಿಗೆ ಗೌರವ್ವನ ಹೆಸರಲ್ಲಿ ಜಾಮೀನು ನಿಂತಿತು. ಆಮೇಲೆ ಬೇಕರಿಯವನಿಗೆ, ಶಾಮಿಯಾನದವನಿಗೆ, ಸತ್ತುಹೋದ ಒಬ್ಬ ವಕೀಲನಿಗೂ.

"ಮಾವ, ಆರಸ್ರಿ ಅದನ್ನ."

"ನಡುವ ಮಾತು ಕಡದರ ಚಲೋ ಕಾಣೂದಿಲ್ಲಂತ ಗುಂಡೀನ ಇಟ್ಟಿಲ್ಲವ್ವಾ."

ವೈರು ಕಿತ್ತರೂ ಬ್ಯಾಟರಿಯ ಮೇಲೆ ಉಪಚಾರ ಸಾಗಿತು. ಗೌರವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಮರುದಿನ ಅವಳು ಬ್ಯಾಂಕಿಗೆ ಹೋದರೆ ಮ್ಯಾನೇಜರನೇ ಎದ್ದು ಕುರ್ಚಿ ಕೊಟ್ಟ.

"ನಮ್ಮ ಬ್ಯಾಂಕ ಮುಳಗೂದಿತ್ರಿ. ಡಿಕ್ರಿ ಹೋದ ಮ್ಯಾಲೆ ಊರಾಗ ನಿಮ್ಮಷ್ಟು ಶುದ್ಧ ದಾಖಲೆ ಯಾರದೂ ಇಲ್ಲ ನೋಡ್ರಿ. ನಿನ್ನೆ ಸಂಜಿಗೆ ನೀವು ಬ್ಯಾಂಕಿಗೂ ಜಾಮೀನು ನಿಂತೀರಿ. ಬ್ಯಾಂಕಿಗ ಜಾಮೀನು ನಿಂತವರಿಗೆ ಅದ ಬ್ಯಾಂಕಿನ ಸಾಲ ಕೊಡಾಕ ನಿಯಮ ಇಲ್ರಿ."

"ಅದು ಪೆಟ್ಟಿಗಿ ಮಾಡಿದ್ರಿ. ರದ್ದು ಮಾಡ್ರಿ."

"ಒಲ್ಲೆ ಅಂತ ನೀವು ಒಂದು ಮಾತು ಅಂದ್ರ ಎಲ್ಲಾ ರದ್ದಾಗ್ತದ. ನಾಳೆ ಬ್ಯಾಂಕಿಗೆ ಬೀಗ ಬೀಳ್ತದ, ಅಷ್ಟ. ನಮ್ಮ ಮಗಳ ಮದುವಿ ಬ್ಯಾರೆ ಗೊತ್ತಾಗೇತಿ." ಅವನ ಕಣ್ಣು ತುಂಬಿ ಬಂತು.

ಒಲ್ಲೆ ಎನ್ನಲೆಂದೇ ಗೌರವ್ವ ಬಾಯಿ ತೆರೆದಳು. ಬೀಗ ಹಾಕಿದ ಗಿರಣಿ ಕಣ್ಣ ಮುಂದೆ ಬಂತು. ತನ್ನ ಮೇಲೆ ತನಗೇ ಎಲ್ಲಿಲ್ಲದ ಸಿಟ್ಟು ಬಂತು.

"ಮದುವಿ ಯಾವಾಗ್ರಿ?" ಎಂದಳು.