ಸೈರನ್ ಊದಿದ ಮೇಲೆ ಎಂತ ಭಾಷಣ?

ನಗರಸಭೆಯವರು ನಮ್ಮ ಪೇಟೆಯನ್ನು ಚಂದ ಮಾಡಲು ಹೊರಟಾಗಿನಿಂದ ಇಲ್ಲಿ ಒಂದಲ್ಲ ಒಂದು ತಮಾಷೆ ಆಗದೆ ವಾರ ಕಳೆಯುವುದಿಲ್ಲ. ಹೆಂಚಿನ ಫ್ಯಾಕ್ಟರಿ ಮುಚ್ಚಿದ ಮೇಲೆ ಅಂಗಡಿಯವರಿಗೆಲ್ಲ ನೊಣ ಹೊಡೆಯುವುದೇ ಕೆಲಸ. ಫ್ಯಾಕ್ಟರಿ ಗೇಟಿನ ಎದುರು ಅಪ್ಪ ಇಟ್ಟ ಚಾ ಹೋಟೆಲ್ ನನ್ನದು. ಮೊದಲೆಲ್ಲ ಸಂಜೆ ಸೈರನ್ ಊದಿದರೆ ಕೆಲಸದವರು ಸೀದಾ ಇಲ್ಲಿಗೆ ಬಂದು, ಚಾ ಕುಡಿದು, ಗೋಳಿಬಜೆ ತಿಂದೇ ಮನೆಗೆ ಹೋಗುತ್ತಿದ್ದರು. ಈಗ ತಪ್ಪದೆ ಬರುವುದು ನಾನು ಮತ್ತು ನನ್ನ ಹೆಂಡತಿ.

ಕೊನೆಗೆ ಹೆಂಡತಿಯ ಅಣ್ಣ, ನನ್ನ ಭಾವ, ತೀರ್ಪು ಕೊಟ್ಟರು: "ಪೇಟೆಯ ಉದ್ಘಾಟನೆ ಒಂದು ಆಗಲಿ. ಆಮೇಲೂ ಗಿರಾಕಿ ಬಾರದಿದ್ದರೆ ಬಾಗಿಲು ಹಾಕಿ ನಮ್ಮೂರು ಹೊಸಂಗಡಿಗೆ ಬನ್ನಿ. ನನ್ನ ಚಪ್ಪಲಿ ಅಂಗಡಿಯಲ್ಲಿ ಕೂತುಕೊಳ್ಳಿ."

ಹೆಂಡತಿಯೂ ಹೂಂ ಎಂದಳು. ಊರಿಗೆ ಚಾ ಕೊಟ್ಟ ಕೈಯಲ್ಲಿ ಇನ್ನು ಊರಿನವರ ಕಾಲು ಹಿಡಿಯಬೇಕಾ? ನನಗೆ ಮೈಯೆಲ್ಲ ಉರಿದುಹೋಯಿತು.

ಎದುರಿನ ಹೋಟೆಲ್

ನಗರಸಭೆಯವರು ಮೊದಲು ಮುಚ್ಚಿದ ಅಂಗಡಿಗಳ ಶಟರಿಗೆ ಚಿತ್ರ ಬರೆಸಿದರು. ನನ್ನ ಎದುರಿನ ಶಟರಿನಲ್ಲಿ ಎಂತ ಬರೆದರು? ಒಂದು ಚಾ ಹೋಟೆಲ್! ಬೆಂಚು ತುಂಬ ಜನ, ಹೊಗೆಯಾಡುವ ಚಾ, ಹಲ್ಲು ಕಿರಿಯುವ ಯಜಮಾನ.

ಒಂದು ದಿನ ಪರವೂರಿನವರೊಬ್ಬರು ಕಾರು ನಿಲ್ಲಿಸಿ, ಅದರ ಮುಂದೆ ಸಂಸಾರ ಸಮೇತ ಫೋಟೊ ತೆಗೆಸಿಕೊಂಡರು. ನಾನು ಆಸೆಯಿಂದ ಕರೆದೆ, "ಬನ್ನಿ, ಬಿಸಿ ಚಾ ಉಂಟು."

ಅವರು ನನ್ನ ಖಾಲಿ ಬೆಂಚು ನೋಡಿದರು. "ಬೇಡ, ಜನ ಇಲ್ಲದ ಹೋಟೆಲಿನಲ್ಲಿ ಎಲ್ಲ ನಿನ್ನೆಯದ್ದೇ ಇರ್ತದೆ" ಎಂದು ಹೊರಟೇಹೋದರು.

"ನೋಡಿ," ಎಂದಳು ಹೆಂಡತಿ, "ಶಟರಿನ ಮೇಲಿರುವವನಿಗೂ ನಿಮಗಿಂತ ಒಳ್ಳೆ ವ್ಯಾಪಾರ."

ಪಾರ್ಕಿಂಗ್ ಫುಲ್

ಮತ್ತೆ ಪಾರ್ಕಿಂಗ್ ಜಾಗ ಆಯಿತು. ಅದರ ಫೋಟೊ ಪೇಪರಿಗೆ ಹೋಗಬೇಕು, ಖಾಲಿ ಕಂಡರೆ ಮರ್ಯಾದೆ ಹೋಗ್ತದೆ ಎಂದು ಕೌನ್ಸಿಲರ್ ನಮ್ಮೆಲ್ಲರ ಸ್ಕೂಟರ್, ಆಟೋ, ಹಾಲಿನ ಟೆಂಪೋ ತರಿಸಿ ಅಲ್ಲಿ ನಿಲ್ಲಿಸಿದರು. ಅದರ ಗೇಟಿಗೆ 'ಪಾರ್ಕಿಂಗ್ ಫುಲ್' ಬೋರ್ಡೂ ನೇತುಹಾಕಿದರು.

ಆ ದಿನವೇ ಎಲ್ಲಿಂದಲೋ ನಿಜವಾದ ಕಾರುಗಳು ಬಂದವು ಮಾರಾಯ್ರೆ! ಬೋರ್ಡು ನೋಡಿ ಹಾಗೆಯೇ ತಿರುಗಿ ಹೋದವು. ನಾನು ತಲೆ ತಲೆ ಚಚ್ಚಿಕೊಂಡೆ.

ಪೇಪರಿನ ಫೋಟೊದವನು ಮಾತ್ರ ಬರಲೇ ಇಲ್ಲ. ಕೌನ್ಸಿಲರ್ ಫೋನ್ ಮಾಡಿದರೆ, "ಬಂದಿದ್ದೆ ಸಾರ್. ಗಾಡಿ ಇಡಲು ಜಾಗ ಇಲ್ಲ ಅಂತ ಬೋರ್ಡು ಇತ್ತು, ವಾಪಸ್ ಕಾಸರಗೋಡಿಗೆ ಬಂದೆ" ಎಂದ.

ಉದ್ಘಾಟನೆ

ಫ್ಯಾಕ್ಟರಿಯ ಸೈರನ್ ರಿಪೇರಿ ಮಾಡಿಸಿ ಮಂತ್ರಿಗಳ ಕೈಯಿಂದ ಊದಿಸುವುದೆಂದು ತೀರ್ಮಾನ ಆಯಿತು. ಫ್ಯಾಕ್ಟರಿ ಗೇಟಿನ ಒಳಗೆ ಅಂಗಳದಲ್ಲೇ ಸಭೆ. ಅದನ್ನು ತುಂಬಿಸಲು ಹಳೆ ಕೆಲಸದವರನ್ನೆಲ್ಲ ಆಟೋ ಕಳಿಸಿ ಕರೆಸಿದರು. ಭಾವ ಹೊಸ ಬೀಗ ಹಿಡಿದುಕೊಂಡೇ ಬಂದು ನನ್ನ ಹೋಟೆಲಿನಲ್ಲಿ ಕೂತರು. ಇದೇ ಕೊನೆ ಅಲ್ಲವಾ ಎಂಬ ಸಂಕಟಕ್ಕೆ ನಾನು ಅಪ್ಪನ ಕಾಲದ ದೊಡ್ಡ ಪಾತ್ರೆಯಲ್ಲೇ ಗೋಳಿಬಜೆಗೆ ಹಿಟ್ಟು ಕಲಸಿಟ್ಟಿದ್ದೆ.

ಮಂತ್ರಿಗಳು ಬಟನ್ ಒತ್ತಿದರು. ಸೈರನ್ ಊದಿತು. ಸಭೆಗೆ ಸಭೆಯೇ ಎದ್ದು ನಿಂತಿತು. ಗೌರವ ಕೊಡುತ್ತಿದ್ದಾರೆಂದು ಕೌನ್ಸಿಲರಿಗೆ ಬಹಳ ಖುಷಿ. ಅಷ್ಟರಲ್ಲಿ ಗಂಡಸರು ಮುಂಡು ಎತ್ತಿ ಕಟ್ಟಿ, ಹೆಂಗಸರು ಸೆರಗು ಸಿಕ್ಕಿಸಿ, ಎಲ್ಲರೂ ಹೊರಗೆ ನಡೆದರು! ವೇದಿಕೆಯಲ್ಲಿ ಸನ್ಮಾನ ಮಾಡಿಸಿಕೊಳ್ಳುತ್ತಿದ್ದ ಹಳೆ ಮೇಸ್ತ್ರಿಯೂ ಅರ್ಧ ಹೊದೆಸಿದ ಶಾಲಿನಲ್ಲೇ ಇಳಿದುಬಿಟ್ಟರು.

"ಕೂತುಕೊಳ್ಳಿ, ಭಾಷಣ ಉಂಟು!" ಎಂದು ಕೌನ್ಸಿಲರ್ ಮೈಕಿನಲ್ಲಿ ಬೊಬ್ಬೆ ಹಾಕಿದರು.

"ಸೈರನ್ ಊದಿದ ಮೇಲೆ ಎಂತ ಭಾಷಣ ಮಾರಾಯ್ರೆ?" ಎಂದರು ಮೇಸ್ತ್ರಿ.

ಅಷ್ಟೂ ಜನ ಸೀದಾ ನನ್ನ ಹೋಟೆಲಿಗೆ ನುಗ್ಗಿ, ಅವರವರ ಹಳೆ ಜಾಗದಲ್ಲಿ ಕೂತರು. "ಏಳಿ, ಅದು ನನ್ನ ಜಾಗ" ಎಂದು ಒಬ್ಬರು ಅಜ್ಜಿ ಭಾವನನ್ನು ಎಬ್ಬಿಸಿದರು. ಭಾವ ಸರಿದು ಸರಿದು ಗ್ಲಾಸು ತೊಳೆಯುವಲ್ಲಿಗೆ ತಲುಪಿದರು. ಬಾಣಲೆ ಎದುರು ನಿಂತ ನನಗೆ ಅಪ್ಪನ ನೆನಪಾಗಿ ಅಳುವೇ ಬಂತು.

ಖಾಲಿ ಕುರ್ಚಿಗಳಿಗೆ ಎಷ್ಟು ಹೊತ್ತು ಭಾಷಣ ಮಾಡುವುದು? ಮಂತ್ರಿಗಳೂ ಬಂದು ಬಾಗಿಲಲ್ಲಿ ನಿಂತರು. "ಲೈನಿನಲ್ಲಿ ಬನ್ನಿ, ಮೊದಲು ಶಿಫ್ಟಿನವರದ್ದು ಮುಗಿಯಲಿ" ಎಂದರು ಮೇಸ್ತ್ರಿ.

ಭಾವ ಬೀಗ ಹಿಡಿದುಕೊಂಡು, ನನ್ನನ್ನು ತೋರಿಸಿ ಮೆಲ್ಲಗೆ ತಂಗಿಯನ್ನು ಕೇಳಿದರು, "ಹಾಗಾದರೆ ನಾಳೆ ಇವರು ಹೊಸಂಗಡಿಗೆ...?"

"ಇವರು ಎಲ್ಲಿಗೂ ಬರುವುದಿಲ್ಲ. ನೀನು ಆ ಬೀಗ ಅಲ್ಲಿಟ್ಟು ಬೇಗ ಒಂದು ಗ್ಲಾಸು ತೊಳೆ ಅಣ್ಣ," ಎಂದಳು ಹೆಂಡತಿ, "ಮಂತ್ರಿಗಳು ಆಗಿನಿಂದ ಕಾಯ್ತಾ ಇದ್ದಾರೆ."