ಕಡೆಯ ಸೋಮವಾರದ ಶೇಂಗಾ ಹೋಳಿಗೆ

ನಾನು ಹುಟ್ಟಿದ್ದೇ ಉಣ್ಣುವ ಮನೆತನದಲ್ಲಿ. ಜಂಬಕ್ಕೆ ಹೇಳುತ್ತಿಲ್ಲ, ಹೊಟ್ಟೆಯ ಸಂಕಟಕ್ಕೆ ಹೇಳುತ್ತಿದ್ದೇನೆ. ನಮ್ಮದು ಅಯ್ಯನವರ ಮನೆ, ಅಂದರೆ ಜಂಗಮರದು. ತಿಕೋಟಾ, ಬಬಲೇಶ್ವರದ ಕಡೆ ನಮ್ಮಜ್ಜನ ಕಾಲದಿಂದ ನಮ್ಮ ಮನೆತನಕ್ಕೆ ನಡೆದುಕೊಳ್ಳುವ ಭಕ್ತರ ಮನೆಗಳಿವೆ. ಅಲ್ಲಿ ಶ್ರಾವಣ ಸೋಮವಾರವಿರಲಿ, ಹೊಸ ಮನೆಯಿರಲಿ, ಹೊಸ ಟ್ರ್ಯಾಕ್ಟರಿರಲಿ, ಮೊದಲು ಅಯ್ಯನವರನ್ನು ಕರೆದು, ಪಾದಕ್ಕೆ ನೀರು ಹಾಕಿ, ಉಣ್ಣಿಸಬೇಕು. ಅಯ್ಯ ಉಂಡ ಮೇಲೆ ಮನೆಯವರ ಊಟ. ಅದು ಪ್ರಸಾದವಾದ್ದರಿಂದ ಅಯ್ಯ ತಾಟಿನಲ್ಲಿ ಒಂದು ಅಗುಳೂ ಬಿಡುವ ಹಾಗಿಲ್ಲ. ಮಿಕ್ಕ ದಿನಗಳಲ್ಲಿ ನಾನು ವಿಜಯಪುರದ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆಯ ಗುಮಾಸ್ತ, ಹೆಸರು ಬಸಲಿಂಗಯ್ಯ. (ಗುಮಾಸ್ತನ ಪಾದಕ್ಕೆ ಯಾರೂ ನೀರು ಹಾಕುವುದಿಲ್ಲ. ಕುಡಿಯುವ ನೀರನ್ನೂ ಅವನೇ ಎದ್ದು ಹೋಗಿ ತಂದುಕೊಳ್ಳಬೇಕು.)

ಇಂಥ ಪರಂಪರೆಯ ಫಲವಾಗಿ ನಲವತ್ತೇಳನೆಯ ವಯಸ್ಸಿಗೆ ನನ್ನ ತೂಕ ತೊಂಬತ್ತಾರು ಕಿಲೋ ಮುಟ್ಟಿತು. ಜಲನಗರದ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿ ಬಂದು ಕರೆಗಂಟೆ ಒತ್ತುವ ಅಗತ್ಯ ನನಗೆ ಬೀಳುತ್ತಿರಲಿಲ್ಲ, ಏದುಸಿರು ಕೇಳಿಯೇ ನನ್ನ ಹೆಂಡತಿ ರಾಜೇಶ್ವರಿ ಬಾಗಿಲು ತೆಗೆಯುತ್ತಿದ್ದಳು. ಒಂದು ದಿನ ಬಾಗಿಲು ತೆಗೆದವಳು ಒಳಗೆ ಬಿಡಲಿಲ್ಲ. ಹಾಗೆಯೇ ಕೆಳಗಿಳಿಸಿ, ಮುಂದಿನ ಓಣಿಯ ಡಯೆಟ್ ಮೇಡಂ ವಿಶಾಖಾ ಅವರ ಮುಂದೆ ಕೂಡಿಸಿದಳು.

ವಿಶಾಖಾ ಮೇಡಂ ಬಹಳ ಸೌಮ್ಯ ಸ್ವಭಾವದವರು. ನಗುನಗುತ್ತಲೇ ನನ್ನ ಬದುಕಿನಿಂದ ಸಕ್ಕರೆ, ಬೆಲ್ಲ, ತುಪ್ಪ, ಮಿರ್ಚಿಬಜಿ, ಚುರುಮುರಿ, ಕೆನೆಮೊಸರನ್ನು ಅಳಿಸಿಹಾಕಿ, ಆ ಜಾಗದಲ್ಲಿ ಮೊಳಕೆ ಹೆಸರುಕಾಳು, ಸೌತೆಕಾಯಿ, ನೀರುಮಜ್ಜಿಗೆ ಬರೆದುಕೊಟ್ಟರು. ರೊಟ್ಟಿ ಹೊತ್ತಿಗೆ ಒಂದು, ಅದೂ ತೆಳ್ಳಗೆ. ನನ್ನ ಮುಖ ನೋಡಿ ಅವರಿಗೇ ಕನಿಕರ ಹುಟ್ಟಿರಬೇಕು, ತಿಂಗಳಿಗೆ ಒಂದು ದಿನ ‘ಟ್ರೀಟ್ ಡೇ’ ಇಟ್ಟುಕೊಳ್ಳಬಹುದು, ಅವತ್ತು ಮನಸ್ಸಿಗೆ ಬಂದದ್ದು ತಿನ್ನಬಹುದು ಎಂದರು. ರಾಜೇಶ್ವರಿ ಕೂಡಲೇ ತಿದ್ದುಪಡಿ ತಂದಳು: ದಿನ ಯಾವುದೆಂದು ಮೊದಲೇ ಹೇಳಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಬೇಕು, ಒಂದು ತಿಂಗಳದ್ದು ಇನ್ನೊಂದು ತಿಂಗಳಿಗೆ ಸಲ್ಲದು.

ಮೊದಲ ತಿಂಗಳು ನನ್ನ ದೂರದೃಷ್ಟಿಯೇ ನನಗೆ ಮುಳುವಾಯಿತು. ಇರುವುದೊಂದೇ ದಿನ, ಅದನ್ನು ಕಂಡ ಕಂಡಲ್ಲಿ ಹಾಳು ಮಾಡಬಾರದೆಂದು ಕಾದೆ. ಸಹೋದ್ಯೋಗಿಯ ಮಗಳ ಮದುವೆ ಬಂತು, ಅಡುಗೆಯವನು ಅಷ್ಟಕ್ಕಷ್ಟೇ ಎಂದು ಬಿಟ್ಟೆ. ಗೋಳಗುಮ್ಮಟದ ಹತ್ತಿರ ಬಿಸಿ ಜಿಲೇಬಿ ಸುತ್ತುತ್ತಿದ್ದರು, ಇದಕ್ಕಿಂತ ದೊಡ್ಡದು ಮುಂದೆ ಕಾದಿರಬಹುದು ಎಂದು ಸ್ಕೂಟರಿನ ವೇಗ ಹೆಚ್ಚಿಸಿದೆ. ಹೀಗೆ ಯೋಜಿಸುತ್ತ ಯೋಜಿಸುತ್ತ ತಿಂಗಳು ಮುಗಿದು, ಮೂವತ್ತೊಂದರ ಸಂಜೆ ನಾನು ಅವಸರದಿಂದ ಚಪ್ಪಲಿ ಮೆಟ್ಟುವಾಗ, ಮೊದಲೇ ಹೇಳಿಲ್ಲವೆಂದು ರಾಜೇಶ್ವರಿ ಅರ್ಜಿ ತಿರಸ್ಕರಿಸಿದಳು. ಆ ರಾತ್ರಿ ನಾನು ಸೌತೆಕಾಯಿ ತಿನ್ನುತ್ತ ಅತ್ತೆನೆಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಸುಳ್ಳು. ಉಳ್ಳಾಗಡ್ಡಿ ಹೆಚ್ಚಿದ್ದಳು.

ಎರಡನೆಯ ತಿಂಗಳು ಶ್ರಾವಣ. ಈ ಸಲ ಯೋಚಿಸುವ ಪ್ರಮೇಯವೇ ಇರಲಿಲ್ಲ. ಶ್ರಾವಣದ ಕಡೆಯ ಸೋಮವಾರ ತಿಕೋಟಾದ ಅಕ್ಕನಾಗಮ್ಮನ ಮನೆಯಲ್ಲಿ ನನ್ನ ಊಟ, ನಮ್ಮಪ್ಪ ತೀರಿಕೊಂಡ ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಅವರದು ದ್ರಾಕ್ಷಿತೋಟದ ಮನೆ. ಅಕ್ಕನಾಗಮ್ಮನ ಕೈಯ ಶೇಂಗಾ ಹೋಳಿಗೆಯ ಬಗ್ಗೆ ಬರೆಯಲು ಕೂತರೆ ಈ ಕಾಗದ ಒದ್ದೆಯಾದೀತು. ಬೆಲ್ಲ ಹದವಾಗಿ, ಏಲಕ್ಕಿ ಅಳತೆಯಲ್ಲಿ, ಮೇಲೆ ಕಾಸಿದ ತುಪ್ಪ. ನಾನು ನಮ್ಮ ಕ್ಯಾಲೆಂಡರಿನಲ್ಲಿ ಆ ಸೋಮವಾರದ ಸುತ್ತ ಕೆಂಪು ಸೊನ್ನೆ ಸುತ್ತಿಸಿಕೊಂಡು, ಕಚೇರಿಗೆ ರಜೆ ಚೀಟಿಯನ್ನೂ ಕೊಟ್ಟುಬಿಟ್ಟೆ. ಅಲ್ಲಿಯವರೆಗೆ ಬದುಕಿರುವುದಕ್ಕೆ ನನಗೆ ಒಂದು ಕಾರಣ ಸಿಕ್ಕಿತು.

ತಪ್ಪು ನಡೆದದ್ದು ಮೊದಲ ಸೋಮವಾರದ ಹಿಂದಿನ ದಿನ. ಅಕ್ಕನಾಗಮ್ಮನ ಮಗಳು ಮಹಾನಂದಾಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದಾರೆ. ಆಕೆ ಮನೆಗೇ ಬಂದು ನಾಳೆ ಊಟಕ್ಕೆ ಬರಬೇಕೆಂದು ಕೇಳಿದಳು. ಹೋದರೆ ಟ್ರೀಟ್ ಡೇ ಅಲ್ಲಿಗೇ ಮುಗಿದು, ತಿಕೋಟಾದ ಹೋಳಿಗೆಗೆ ಎಳ್ಳುನೀರು. ಹೋಗದಿದ್ದರೆ ಕಾರಣ ಹೇಳಬೇಕು. ಡಯೆಟ್ ಮಾಡುತ್ತಿದ್ದೇನೆಂದು ಹೇಳಲು ಬಾಯಿ ಬರಲಿಲ್ಲ. ಅಯ್ಯನವರು ಹೊಟ್ಟೆ ಕರಗಿಸಲು ಓಣಿಯ ಮೇಡಂ ಹತ್ತಿರ ಹೋಗುತ್ತಾರೆ ಎಂದರೆ ಮನೆತನದ ಮಾನ ಏನಾಗಬೇಕು? ನಾನು ಕಣ್ಣು ಮುಚ್ಚಿ, ನನಗೊಂದು ವ್ರತವಿದೆ ಎಂದೆ.

ಮಹಾನಂದಾ ಸೆರಗು ಸರಿಮಾಡಿಕೊಂಡು ಕೂತಳು. ವ್ರತದಲ್ಲಿ ಏನು ಸೇವಿಸುತ್ತೀರಿ ಎಂದು ಕೇಳಿದಳು. ನಾನು ವಿಶಾಖಾ ಮೇಡಂ ಬರೆದುಕೊಟ್ಟ ಪಟ್ಟಿಯನ್ನು ಮಂತ್ರದಂತೆ ಒಪ್ಪಿಸಿದೆ. ಎಷ್ಟು ದಿನ ಎಂದಳು. ಗುರುವಿನ ಅಪ್ಪಣೆಯಾಗುವ ತನಕ ಎಂದೆ. (ಗುರು ಒಳಗೆ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.) ಆಕೆ ಎದ್ದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹಾಗೆಯೇ ಹೋದಳು. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಕಡೆಯ ಸೋಮವಾರ ಬಂತು. ಹಿಂದಿನ ದಿನವೇ ಊಟ ಕಡಿಮೆ ಮಾಡಿ ಒಳಗೆ ಜಾಗ ಮಾಡಿಟ್ಟುಕೊಂಡಿದ್ದೆ. ಸ್ಕೂಟರಿನ ಹಿಂದೆ ರಾಜೇಶ್ವರಿಯನ್ನು ಕೂಡಿಸಿಕೊಂಡು ತಿಕೋಟಾ ಮುಟ್ಟಿದಾಗ ಹನ್ನೊಂದೂವರೆ. ಅಂಗಳಕ್ಕೆ ಕಾಲಿಡುವಾಗಲೇ ಹುರಿದ ಶೇಂಗಾದ ವಾಸನೆ ಬಂದು ನನ್ನನ್ನು ಅಪ್ಪಿಕೊಂಡಿತು. ಅಕ್ಕನಾಗಮ್ಮ ಎಪ್ಪತ್ತು ದಾಟಿದ ಮುದುಕಿ, ಬಗ್ಗಿ ಪಾದಕ್ಕೆ ನೀರು ಹಾಕಿ ವಿಭೂತಿ ಹಚ್ಚುವಾಗ ಆಕೆಯ ಕಣ್ಣಲ್ಲಿ ನೀರಿತ್ತು. ಭಕ್ತಿ ಇದ್ದರೆ ಹೀಗಿರಬೇಕು ಎಂದುಕೊಂಡು ನಾನು ಮಣೆಯ ಮೇಲೆ ಕೂತೆ.

ಮಹಾನಂದಾ ತಾಟು ತಂದು ಮುಂದಿಟ್ಟಳು. ಮೊಳಕೆ ಹೆಸರುಕಾಳು. ದುಂಡಗೆ ಹೆಚ್ಚಿದ ಸೌತೆಕಾಯಿ. ಒಂದು ರೊಟ್ಟಿ, ತೆಳ್ಳಗೆ. ಒಂದು ಲೋಟ ನೀರುಮಜ್ಜಿಗೆ.

ನಾನು ತಾಟನ್ನೂ ಆಕೆಯನ್ನೂ ನೋಡಿದೆ. ತಾನು ಎಲ್ಲವನ್ನೂ ಅವತ್ತೇ ಬರೆದಿಟ್ಟುಕೊಂಡಿದ್ದಾಗಿಯೂ, ವ್ರತಕ್ಕೆ ಚ್ಯುತಿ ಬರಬಾರದೆಂದು ನಿನ್ನೆಯೇ ತವರಿಗೆ ಬಂದು ಕಾಳು ನೆನೆಹಾಕಿದ್ದಾಗಿಯೂ, ಉಪ್ಪನ್ನು ಕೂಡ ಎರಡು ಬೆರಳಲ್ಲಷ್ಟೇ ಹಾಕಿದ್ದಾಗಿಯೂ ಆಕೆ ಹೇಳಿದಳು. ಅಷ್ಟರಲ್ಲಿ ಪಕ್ಕದ ಮಣೆಯ ಮೇಲೆ ಕೂತಿದ್ದ ರಾಜೇಶ್ವರಿಗೆ ಎರಡನೆಯ ತಾಟು ಬಂತು. ಎಣ್ಣೆಗಾಯಿ, ಸಂಡಿಗೆ, ಗುರೆಳ್ಳು ಹಿಂಡಿ, ಕೆನೆಮೊಸರು, ನಡುವೆ ನಾಲ್ಕು ಶೇಂಗಾ ಹೋಳಿಗೆ. ಅಮ್ಮನವರಿಗೆ ವ್ರತವಿರಲಿಲ್ಲವಲ್ಲ.

ನಾನು ಹೆಂಡತಿಯ ಕಡೆ ನೋಡಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದು ನೋಟದಲ್ಲಿ ಎಲ್ಲ ಅರ್ಥವಾಗುತ್ತದೆ. ಅರ್ಥವಾಗಿಯೇ ಅವಳು ತಲೆ ತಗ್ಗಿಸಿ ಮೊದಲ ಹೋಳಿಗೆ ಮುರಿದಳು. ಇನ್ನು ನನ್ನನ್ನು ನಾನೇ ಕಾಪಾಡಿಕೊಳ್ಳಬೇಕಿತ್ತು. ಗಂಟಲು ಸರಿಮಾಡಿಕೊಂಡು, ಹೋಳಿಗೆಯ ಬುಟ್ಟಿಯ ಕಡೆ ಅರ್ಧ ಕೈ ಚಾಚಿ, “ಅಕ್ಕನಾಗಮ್ಮಾ, ಇವತ್ತಿನ ಮಟ್ಟಿಗೆ ವ್ರತ ಸ್ವಲ್ಪ…” ಎಂದೆ.

ಆಕೆ ನನ್ನ ಮಾತು ಮುಗಿಯಲು ಬಿಡಲಿಲ್ಲ. ಒಳಗಿನ ಬಾಗಿಲ ಕಡೆ ತಿರುಗಿ ಮಗನನ್ನು ಕರೆದಳು. ಸಂಗು ಬಂದ. ಹೋದ ವರ್ಷ ನೋಡಿದಾಗ ಅವನು ನನಗಿಂತ ದಪ್ಪವಿದ್ದ. ಈಗ ಅಂಗಿ ಜೋತಾಡುತ್ತಿತ್ತು, ಬಲಗಾಲಿನ ಹೆಬ್ಬೆರಳಿಗೆ ಬಿಳಿ ಪಟ್ಟಿ. ಅವನ ಕೈಯಲ್ಲೂ ಒಂದು ತಾಟಿತ್ತು, ಅದರಲ್ಲೂ ಹೆಸರುಕಾಳು. ನನ್ನೆದುರು ನೆಲದ ಮೇಲೆ ಕೂತು ತಾಟನ್ನು ಮುಂದಿಟ್ಟುಕೊಂಡು, ನಾನು ಮೊದಲ ತುತ್ತು ಎತ್ತಲೆಂದು ಕಾದ.

“ಸಕ್ರಿ ರೋಗರಿ ಅಯ್ಯಾರ, ಮುನ್ನೂರಾ ಎಂಬತ್ತಕ್ಕ ಹೋಗಿತ್ತು,” ಎಂದಳು ಅಕ್ಕನಾಗಮ್ಮ. “ಕಾಲಬೆರಳಿನ ಗಾಯ ಮಾಯವಲ್ದು. ಹಿಂಗ ತಿಂದ್ರ ಬೆರಳ ತಗೀಬೇಕಾಕ್ಕೈತಿ ಅಂತ ಡಾಕ್ಟರ್ ಹೇಳ್ಯಾರ. ಆದ್ರೂ ಹೋಗ್ತ ಬರ್ತ ಒಣದ್ರಾಕ್ಷಿ ಮುಕ್ಕತಿದ್ದ. ನಾ ಅತ್ತೆ, ಬೈದೆ, ಎರಡ ದಿನ ಉಪಾಸ ಬಿದ್ದೆ, ಕೇಳಲಿಲ್ಲ. ಮಹಾನಂದಾ ಬಂದು ನಿಮ್ಮ ವ್ರತದ ಸುದ್ದಿ ಹೇಳಿದ್ಲು ನೋಡ್ರಿ, ಅವತ್ತಿನಿಂದ ಸಿಹಿ ಮುಟ್ಟಿಲ್ಲ.”

ಸಂಗು ತಾಟು ನೋಡುತ್ತಲೇ ಮಾತಾಡಿದ. “ಉಣ್ಣಾಕಂತ ನಾವು ಕರಿಯೂ ಅಯ್ಯಾರ ಸಿಹಿ ಬಿಟ್ಟಾರಂದ್ರ ನಾ ಯಾವ ದೊಡ್ಡಾಂವ್ರಿ. ನೀವು ಮುರಿಯೂ ತನಾ ನಾನೂ ಮುರಿಯೂದಿಲ್ರಿ.”

ನನ್ನ ಕೈ ಇನ್ನೂ ಬುಟ್ಟಿಯ ದಾರಿಯಲ್ಲೇ ಇತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಹೋಳಿಗೆಯೇ ದೊಡ್ಡದಾಗಿ ಕಂಡಿತು. ಆಮೇಲೆ ಆ ಹೆಬ್ಬೆರಳಿನ ಪಟ್ಟಿ ಕಂಡಿತು. ನಾಚಿಕೆಯಾಯಿತು. ಚಾಚಿದ ಕೈಯನ್ನು ಹಾಗೆಯೇ ಎತ್ತಿ ಸಂಗುವಿನ ತಲೆಯ ಮೇಲಿಟ್ಟು, ಆಶೀರ್ವಾದ ಮಾಡುವುದೇ ನನ್ನ ಉದ್ದೇಶವಾಗಿತ್ತೆಂಬಂತೆ ಒಳ್ಳೆಯದಾಗಲಿ ಎಂದೆ. ಅಕ್ಕನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಒರೆಸಿಕೊಳ್ಳುವುದಿತ್ತು.

ಉಪಚಾರದಲ್ಲಿ ತಿಕೋಟಾದವರನ್ನು ಮೀರಿಸುವವರಿಲ್ಲ. ಹೋಳಿಗೆಗೆ ಮಾಡುವಷ್ಟೇ ಒತ್ತಾಯವನ್ನು ಹೆಸರುಕಾಳಿಗೂ ಮಾಡಿದರು. ನಾನು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಸುರಿದರು. ಮೂರು ಸಲ ನೀಡಿಸಿಕೊಂಡೆ. ಪ್ರಸಾದ, ಒಂದು ಕಾಳೂ ಬಿಡುವಂತಿಲ್ಲ. ಪಕ್ಕದಲ್ಲಿ ರಾಜೇಶ್ವರಿ ಐದನೆಯ ಹೋಳಿಗೆ ಬೇಡವೆಂದಳು, ಆಮೇಲೆ ಮುದುಕಿಯ ಮನಸ್ಸು ನೋಯಿಸಬಾರದೆಂದು ಹಾಕಿಸಿಕೊಂಡಳು. ಆರನೆಯದಕ್ಕೆ ಬೇಡವೆನ್ನುವ ಶಾಸ್ತ್ರವನ್ನೂ ಮಾಡಲಿಲ್ಲ.

ಊಟ ಮುಗಿದು ಕೈ ತೊಳೆದ ಮೇಲೆ ಸಂಗು ಸಂಕೋಚದಿಂದ ಒಂದು ಮಾತು ಕೇಳಿದ. ದಿನವೂ ಒಬ್ಬನೇ ಈ ಕಾಳು ತಿನ್ನುವಾಗ ಮನಸ್ಸು ಜಾರುತ್ತದಂತೆ. ತಿಂಗಳಿಗೊಮ್ಮೆ ಅಯ್ಯನವರು ಬಂದು ಎದುರು ಕೂತು ತನ್ನ ಜೊತೆ ಉಂಡರೆ ಮುಂದಿನ ತಿಂಗಳಿಗೆ ಗಟ್ಟಿತನ ಬರುತ್ತದಂತೆ. ನಾನು ಕಚೇರಿ, ರಜೆ, ಸ್ಕೂಟರಿನ ರಿಪೇರಿ ಎಂದೆಲ್ಲ ಹುಡುಕುತ್ತಿರುವಾಗ ರಾಜೇಶ್ವರಿ ಬಾಯಿ ಒರೆಸಿಕೊಂಡು ನನ್ನ ಪರವಾಗಿ ಒಪ್ಪಿಬಿಟ್ಟಳು.

“ಪ್ರತಿ ತಿಂಗಳ ಕಡೇ ಸೋಮವಾರ ಬರ್ತಾರ. ಜೋಡಿ ನಾನೂ ಬರ್ತೇನಿ,” ಎಂದಳು.

ಅಕ್ಕನಾಗಮ್ಮ ಅಮ್ಮನವರಿಗೆಂದು ಹತ್ತು ಹೋಳಿಗೆ ಕಟ್ಟಿಕೊಟ್ಟಳು. ಆ ಗಂಟು ಸ್ಕೂಟರಿನ ಮುಂದಿನ ಕೊಕ್ಕೆಗೆ, ನನ್ನ ಮೊಣಕಾಲುಗಳ ನಡುವೆ ತೂಗುತ್ತ ತಿಕೋಟಾದಿಂದ ಜಲನಗರದವರೆಗೆ ಬಂತು. ದಾರಿಯುದ್ದಕ್ಕೂ ಎದುರುಗಾಳಿ. ಮನೆ ಮುಟ್ಟಿದ ಕೂಡಲೇ ಅವಳು ಗಂಟನ್ನು ಕೆಳಮನೆಯ ಚಂದ್ರಕಲಾಗೆ ಕೊಟ್ಟು ಬಂದಳು, ಮನೆಯಲ್ಲಿಟ್ಟರೆ ನಿಮ್ಮ ವ್ರತಕ್ಕೆ ಭಂಗ ಎಂದಳು. ನಾನು ನ್ಯಾಯ ಕೇಳಿದೆ. ಇವತ್ತು ನಾನು ತಿಂದದ್ದು ಬರೀ ಹೆಸರುಕಾಳು, ಆದ್ದರಿಂದ ಈ ತಿಂಗಳ ಟ್ರೀಟ್ ಡೇ ಇನ್ನೂ ಬಾಕಿ ಇದೆ ಎಂದು ವಾದಿಸಿದೆ.

“ಊಟಕ್ಕ ಹೋಗಿದ್ರಿಲ್ಲೋ?” ಎಂದಳು. “ಏನ ನೀಡಿದ್ರು ಅನ್ನೂದು ಅವರ ಮನಿ ವಿಚಾರ. ಈ ತಿಂಗಳ ದಿನಾ ಮುಗೀತು.”

“ಹಂಗಾರ ಮುಂದಿನ ತಿಂಗಳದ್ದು?”

“ಅದನ್ನೂ ಹೇಳೀನಲ್ಲ, ಕಡೇ ಸೋಮವಾರ. ಇನ್ನ ಮ್ಯಾಲೆ ಯಾವ ದಿನ, ಯಾವ ದಿನ ಅಂತ ನೀವು ತಲಿ ಕೆಡಿಸ್ಕೊಳ್ಳೂ ಹಂಗಿಲ್ಲ.” ಹೇಳಿ, ಕ್ಯಾಲೆಂಡರಿನಲ್ಲಿ ವರ್ಷದ ಕೊನೆಯವರೆಗೂ ಕೆಂಪು ಸೊನ್ನೆ ಸುತ್ತಿದಳು.

ಹೀಗೆ ಮೂರು ತಿಂಗಳು ನಾನು ತಿಕೋಟಾಕ್ಕೆ ಹೋಗಿ ಸಂಗುವಿನೆದುರು ಕಾಳು ತಿಂದು ಬಂದೆ. ರಾಜೇಶ್ವರಿಯೂ ಜೊತೆಗೆ ಬಂದು ಅತಿಥಿಧರ್ಮ ಪಾಲಿಸಿದಳು. ಸಂಗುವಿನ ಸಕ್ಕರೆ ನೂರಾ ಅರವತ್ತಕ್ಕೆ ಇಳಿಯಿತು, ಬೆರಳು ಉಳಿಯಿತು. ಅವನು ಫೋನಿನಲ್ಲಿ ಹೇಳುವಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಸಂತೋಷವನ್ನು ತಿನ್ನಲು ಬರುವುದಿಲ್ಲ, ಏನು ಮಾಡಲಿ.

ನಿನ್ನೆ ವಿಶಾಖಾ ಮೇಡಂ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಎಂಬತ್ತನಾಲ್ಕು ಎಂದು ಓದಿದರು. ಪಕ್ಕದಲ್ಲಿ ನಿಂತಿದ್ದ ರಾಜೇಶ್ವರಿ ಹತ್ತಿದಾಗ ಬಂದ ಅಂಕಿಯನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. ಮೇಡಂಗೆ ನನ್ನ ಮೇಲೆ ಬಹಳ ಹೆಮ್ಮೆಯಾಗಿತ್ತು. ಇಷ್ಟು ನಿಷ್ಠೆಯಿಂದ ಮಾಡಿದವರು ಬೇರೆ ಯಾರೂ ಇಲ್ಲ, ಆದ್ದರಿಂದ ಈ ತಿಂಗಳಿನಿಂದ ನಿಮಗೆ ಎರಡು ಟ್ರೀಟ್ ಡೇ ಎಂದರು. ನನ್ನ ಕಣ್ಣು ತುಂಬಿ ಬಂತು. ಕಡೆಯ ಸೋಮವಾರ ಹಾಳಾಗಿ ಹೋಗಲಿ, ಇನ್ನೊಂದು ದಿನವಾದರೂ ನನ್ನದಾಗುತ್ತದೆ. ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ, ಅಡುಗೆಮನೆಗೆ ನುಗ್ಗಿ, ಕ್ಯಾಲೆಂಡರ್ ಮುಂದೆ ಪೆನ್ನು ಹಿಡಿದು ನಿಂತೆ.

ಹಿಂದಿನಿಂದ ನಿಧಾನವಾಗಿ ಏದುಸಿರು ಬಿಡುತ್ತ ಬಂದ ರಾಜೇಶ್ವರಿ ಪೆನ್ನು ಇಸಿದುಕೊಂಡಳು. ಮುಂಜಾನೆ ಬಬಲೇಶ್ವರದಿಂದ ಮಹಾನಂದಾ ಫೋನ್ ಮಾಡಿದ್ದಳಂತೆ. ಆಕೆಯ ಗಂಡನಿಗೂ ಸಕ್ಕರೆ ರೋಗ ಕಂಡಿದೆಯಂತೆ. ಅವನೂ ಯಾರ ಮಾತನ್ನೂ ಕೇಳುವುದಿಲ್ಲವಂತೆ. “ಎರಡನೇ ಸೋಮವಾರ ಬರ್ತೀವಿ ಅಂತ ಹೇಳೀನಿ,” ಎಂದು, ಸೊನ್ನೆ ಸುತ್ತಿ, ಪೆನ್ನನ್ನು ನನಗೇ ತಿರುಗಿ ಕೊಟ್ಟಳು.